ಸುಟ್ಟ ಸೈಟು ಮಾರೋದಾ, ಮತ್ತೆ ಕಟ್ಟೋದಾ? (ಆಲ್ಟಡೀನಾ)

ಲೇಕ್‌ಪಶ್ಚಿಮ

ಎಲ್ಲರಿಗೂ ನಮಸ್ಕಾರ. 2025ರ ಜನವರಿ 7ರಂದು ಶುರುವಾದ ಈಟನ್ ಬೆಂಕಿಯಲ್ಲಿ ಲಾಸ್ ಏಂಜಲೀಸ್ ಹತ್ತಿರದ ಆಲ್ಟಡೀನಾದ ನಮ್ಮ ಮನೆ ಪೂರ್ತಿ ಹೋಯಿತು. 1920ರ ದಶಕದ ಚಿಕ್ಕ ಮನೆ, ಲೇಕ್ ಅವೆನ್ಯೂ ರಸ್ತೆಯ ಪಶ್ಚಿಮಕ್ಕೆ. ಸೇನೆಯ ಇಂಜಿನಿಯರ್ ತಂಡದವರು ಬಂದು ಅವಶೇಷ, ಪಾಯ, ಮೇಲಿನ ಆರು ಇಂಚು ಮಣ್ಣು ಎಲ್ಲ ಎತ್ತಿಕೊಂಡು ಹೋದರು. ಈಗ ಅಲ್ಲಿರುವುದು ಬರೀ ಸೈಟು.

ಮಾರಬೇಕೋ ಕಟ್ಟಬೇಕೋ ಅಂತ ಮನೆಯಲ್ಲಿ ದಿನಾ ಇದೇ ಮಾತು. ಇನ್ಶೂರೆನ್ಸ್ ಹಣಕ್ಕೂ ಕಾಂಟ್ರಾಕ್ಟರ್ ಹೇಳುವ ಲೆಕ್ಕಕ್ಕೂ ಅಜಗಜಾಂತರ. ಇಲ್ಲದ ಮನೆಯ ಸಾಲಕ್ಕೆ ಕಂತು ಕಟ್ಟುತ್ತಿದ್ದೇವೆ. ಇನ್ಶೂರೆನ್ಸ್‌ನವರು ಕೊಡುವ ಬಾಡಿಗೆ ಹಣ ಒಂದಲ್ಲ ಒಂದು ದಿನ ನಿಲ್ಲುತ್ತದೆ. ಅತ್ತೆಗೆ ಎಂಬತ್ತು ದಾಟಿದೆ, ಇನ್ನೂ ಎರಡು ವರ್ಷ ಕಾಯಿರಿ ಅಂತ ಅವರಿಗೆ ಹೇಗೆ ಹೇಳೋದು? ಇದರ ಮಧ್ಯೆ ಸೈಟು ಕೊಡ್ತೀರಾ ಅಂತ ಕೇಳುವ ಕಾಗದಗಳು ನಿಂತಿಲ್ಲ. ಕೆಲವು ಕೈಯಲ್ಲಿ ಬರೆದ ಹಾಗೆ ಕಾಣುತ್ತವೆ. ಬೆರಳು ಒದ್ದೆ ಮಾಡಿ ಉಜ್ಜಿ ನೋಡಿದೆ, ಪ್ರಿಂಟು.

ಇದನ್ನು ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ. ನೀವು ಏನು ನೋಡಿ ನಿರ್ಧಾರ ಮಾಡಿದಿರಿ? ಧೈರ್ಯವಾಗಿರಿ ಅನ್ನೋ ಮಾತು ಬೇಡ, ಅದು ಸಾಕಷ್ಟು ಸಿಕ್ಕಿದೆ.

ಸೊನೋಮಾ ಸೊಸೆ

ನಾವು ಉತ್ತರ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾ ಊರಿನ ಕಾಫಿ ಪಾರ್ಕ್ ಬಡಾವಣೆಯವರು. 2017ರ ಅಕ್ಟೋಬರ್, ಟಬ್ಸ್ ಬೆಂಕಿ. ಆರು ಪಥದ ಹೆದ್ದಾರಿ 101 ಇದೆ, ಅದನ್ನು ದಾಟಿ ಬೆಂಕಿ ಬರುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಗಾಳಿ ಕಿಡಿಗಳನ್ನು ಹೊತ್ತು ತಂದು ಈಚೆ ಸುರಿಯಿತು. ನಮ್ಮ ಬಡಾವಣೆ ಒಂದರಲ್ಲೇ 1,300ಕ್ಕೂ ಹೆಚ್ಚು ಮನೆ ಹೋದವು. ನಾವು ಕಟ್ಟಿದೆವು, ಈಗಲೂ ಅಲ್ಲೇ ಇದ್ದೇವೆ.

ನಮ್ಮನ್ನು ಉಳಿಸಿದ್ದು ಬೀದಿಯ ಜನ. ಬಡಾವಣೆಯನ್ನು ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಬ್ಬರನ್ನು ಮುಂದಾಳು ಅಂತ ಮಾಡಿಕೊಂಡೆವು. ಯಾರ ಫೋನ್ ನಂಬರ್ ಬದಲಾಗಿದೆ, ಯಾರು ಯಾವ ಊರಲ್ಲಿ ಬಾಡಿಗೆಗೆ ಇದ್ದಾರೆ, ಯಾರು ಮಾತೇ ಆಡ್ತಿಲ್ಲ, ಎಲ್ಲ ಅವರ ಪುಸ್ತಕದಲ್ಲಿ. ಅದೇ ಮುಂದೆ ಕಾಫಿ ಸ್ಟ್ರಾಂಗ್ ಅನ್ನೋ ಸಂಘ ಆಯಿತು. ನಗರಸಭೆಯ ಅಧಿಕಾರಿ ಒಬ್ಬೊಬ್ಬರಿಗೆ ಉತ್ತರ ಕೊಡದೆ ಜಾರಿಕೊಳ್ಳಬಹುದು. ಇನ್ನೂರು ಜನ ಕೂತ ಸಭೆಯಲ್ಲಿ ಆಗಲ್ಲ.

ಹಾಗಂತ ನಮ್ಮದನ್ನು ನಿಮಗೆ ನೇರವಾಗಿ ಹೋಲಿಸಲ್ಲ. ನಮ್ಮದು ಸಮತಟ್ಟು ಜಾಗ, ಎಂಬತ್ತರ ದಶಕದಲ್ಲಿ ಸಾಲಾಗಿ ಕಟ್ಟಿದ ಒಂದೇ ಥರದ ಮನೆಗಳು. ಬಿಲ್ಡರ್ ನಾಲ್ಕು ನಕ್ಷೆ ತಂದು ಇಟ್ಟರೆ ಅರ್ಧ ಬೀದಿಗೆ ಸಾಕು. ಒಂದೇ ಸಲ ಹತ್ತು ಪಾಯ ಅಗೆದರೆ ಖರ್ಚು ಇಳಿಯುತ್ತೆ. ಮೂರು ವರ್ಷದಲ್ಲಿ ಹೆಚ್ಚಿನ ಮನೆಗಳು ಎದ್ದವು. ಅದೇ ಬೆಂಕಿಯಲ್ಲಿ ಸುಟ್ಟ ಫೌಂಟನ್‌ಗ್ರೋವ್ ಇದೆಯಲ್ಲ, ಗುಡ್ಡದ ಮೇಲಿನ ಶ್ರೀಮಂತರ ಜಾಗ, ಅಲ್ಲಿ ನಮಗಿಂತ ಎಷ್ಟೋ ನಿಧಾನವಾಯಿತು. ಇಳಿಜಾರು, ಪ್ರತಿ ಮನೆಗೂ ಬೇರೆ ನಕ್ಷೆ, ಅದರ ಜೊತೆಗೆ ನೀರಿನ ಪೈಪಿನಲ್ಲಿ ಬೆಂಜೀನ್ ಅನ್ನೋ ವಿಷ. ದುಡ್ಡಿದ್ದವರು ಬೇಗ ಕಟ್ಟುತ್ತಾರೆ ಅನ್ನೋದು ಯಾವಾಗಲೂ ನಿಜ ಅಲ್ಲ.

ಒಂದು ಮಾತು. ಸಿಟ್ಟಲ್ಲೋ ಸುಸ್ತಲ್ಲೋ ಮಾರಬೇಡಿ. ಲೆಕ್ಕ ಹಾಕಿ ಮಾರಿದರೆ ಪರವಾಗಿಲ್ಲ.

ಕಡ್ಡಿಮುರಿದಂಗೆ

ಯಾರಿಗಾದರೂ ಬೇಜಾರಾದರೆ ಕ್ಷಮಿಸಿ, ಆದರೆ ಕೇಳಲೇಬೇಕು. ಸುಡುವ ಜಾಗದಲ್ಲೇ ಮತ್ತೆ ಯಾಕೆ ಕಟ್ಟಬೇಕು? 1991ರಲ್ಲಿ ಓಕ್‌ಲೆಂಡ್ ಗುಡ್ಡ, 25 ಜನ ಸತ್ತರು. 2017ರಲ್ಲಿ ಸಾಂಟಾ ರೋಸಾ. 2018ರಲ್ಲಿ ಪ್ಯಾರಡೈಸ್, 85 ಜನ. 2025ರಲ್ಲಿ ಪ್ಯಾಲಿಸೇಡ್ಸ್ ಮತ್ತು ಈಟನ್ ಎರಡೂ ಬೆಂಕಿ ಸೇರಿ 31 ಜನ, 16,000ಕ್ಕೂ ಹೆಚ್ಚು ಕಟ್ಟಡ. ಬೆಟ್ಟದ ಬುಡದಲ್ಲಿ ಸಾಂಟಾ ಆನಾ ಅನ್ನೋ ಒಣ ಬಿರುಗಾಳಿ ಪ್ರತಿ ವರ್ಷ ಬೀಸುತ್ತೆ. ಗಾಳಿಗೆ ನಮ್ಮ ಮೇಲೆ ಕರುಣೆ ಇರುತ್ತಾ? ಮಾರಿ, ಇನ್ನೊಂದು ಕಡೆ ನೆಮ್ಮದಿಯಾಗಿ ಇರಿ. ಭಾವನೆಗೆ ಬೆಲೆ ಕಟ್ಟೋದು ಬೇರೆ, ಭಾವನೆಗೋಸ್ಕರ ಬೆಂಕಿ ಬಾಯಲ್ಲಿ ಮನೆ ಕಟ್ಟೋದು ಬೇರೆ.

ಕಂಬಿಸಿಮೆಂಟ್

ಕಡ್ಡಿಮುರಿದಂಗೆ ಅವರೇ, ಪ್ರಶ್ನೆ ಸರಿ ಇದೆ, ಉತ್ತರ ಸರಿ ಇಲ್ಲ. ನಾನು ಸ್ಟ್ರಕ್ಚರಲ್ ಇಂಜಿನಿಯರ್, ಇಂಥ ಮನೆಗಳನ್ನೇ ನೋಡುತ್ತೇನೆ.

ಕಾಡಿನ ಬೆಂಕಿ ಊರಿಗೆ ನುಗ್ಗಿದ ಮೇಲೆ ಅದು ಕಾಡಿನ ಬೆಂಕಿಯಾಗಿ ಉಳಿಯಲ್ಲ. ಮರ ಅಲ್ಲ, ಮನೆಯೇ ಸೌದೆ. ಆಲ್ಟಡೀನಾದ ಫೋಟೋಗಳನ್ನು ನೋಡಿ. ಮನೆ ಬೂದಿಯಾಗಿದೆ, ಪಕ್ಕದ ಮರದಲ್ಲಿ ಎಲೆ ಹಸಿರಾಗಿದೆ. ಕ್ರಿಸ್‌ಮಸ್ ಟ್ರೀ ಲೇನ್ ಅನ್ನೋ ಬೀದಿಯ ದೇವದಾರು ಮರಗಳು ಬಹುತೇಕ ಉಳಿದವು. ಹಿಮಾಲಯದ ತಳಿ ಅವು, ಹತ್ತೊಂಬತ್ತನೇ ಶತಮಾನದಲ್ಲಿ ನೆಟ್ಟದ್ದು. ಅದೇ ಊರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಕಟ್ಟಡ ಉರಿದುಹೋದವು.

ಬೆಂಕಿ ಮನೆಗೆ ಹೊಕ್ಕೋದು ಹೇಗೆ? ಕಿಡಿ. ಗಂಟೆಗೆ ಎಂಬತ್ತು ಮೈಲಿ ಗಾಳಿಯಲ್ಲಿ ಕೆಂಡದ ಚೂರುಗಳು ಮಳೆ ಹಾಗೆ ಬೀಳುತ್ತವೆ. ಚಾವಣಿ ಕೆಳಗೆ ಅಟ್ಟಕ್ಕೆ ಗಾಳಿ ಹೋಗಲಿ ಅಂತ ಒಂದು ಕಿಂಡಿ ಇರುತ್ತೆ. ಹಳೇ ಮನೆಗಳಲ್ಲಿ ಅದರ ಜಾಲರಿಯ ಕಣ್ಣು ಕಾಲು ಇಂಚು. ಅದರೊಳಗೆ ಕಿಡಿ ಸಲೀಸಾಗಿ ತೂರುತ್ತೆ. ಒಳಗೆ ಅಟ್ಟದಲ್ಲಿ ಒಣಗಿದ ಮರ, ರಟ್ಟಿನ ಡಬ್ಬ, ಹಳೇ ಬಟ್ಟೆ. ಹೊರಗಿನಿಂದ ಮನೆ ಚೆನ್ನಾಗೇ ಕಾಣುತ್ತೆ, ಒಳಗಿಂದ ಉರಿಯುತ್ತಿರುತ್ತೆ. ಆ ಮನೆ ಹತ್ತಿದರೆ ಪಕ್ಕದ ಮನೆ ಕಿಟಕಿಯ ಗಾಜು ಶಾಖಕ್ಕೆ ಸಿಡಿಯುತ್ತೆ. ಹೀಗೆ ಒಂದರಿಂದ ಒಂದಕ್ಕೆ.

ಕ್ಯಾಲಿಫೋರ್ನಿಯಾದಲ್ಲಿ 2008ರಿಂದ ಬೆಂಕಿ ಅಪಾಯದ ಜಾಗಗಳಿಗೆ ಬೇರೆ ಕಟ್ಟಡ ನಿಯಮ ಇದೆ, ಅಧ್ಯಾಯ 7ಎ ಅಂತ ಕರೆಯುತ್ತಿದ್ದರು. ಸಣ್ಣ ಕಣ್ಣಿನ ಜಾಲರಿ ಅಥವಾ ಕಿಡಿ ತಡೆಯುವ ಕಿಂಡಿ, ಬೆಂಕಿ ಹಿಡಿಯದ ಚಾವಣಿ, ಎರಡು ಪದರದ ಗಟ್ಟಿ ಗಾಜು. ಪ್ಯಾರಡೈಸ್ ಊರಿನ ಮೇಲೆ ನಡೆದ ಅಧ್ಯಯನದಲ್ಲಿ 1997ಕ್ಕಿಂತ ಮುಂಚಿನ ಮನೆಗಳಲ್ಲಿ ಉಳಿದದ್ದು ಶೇ. 11.5. ಅದರ ನಂತರ ಕಟ್ಟಿದ್ದರಲ್ಲಿ ಶೇ. 38.5. ಅದೇ ಅಧ್ಯಯನ ಇನ್ನೊಂದೂ ಹೇಳಿತು. ನಿಮ್ಮ ಮನೆ ಉಳಿಯುತ್ತೋ ಇಲ್ಲವೋ ಅನ್ನೋದಕ್ಕೆ ದೊಡ್ಡ ಸುಳಿವು, ಸುಟ್ಟ ಪಕ್ಕದ ಮನೆ ಎಷ್ಟು ದೂರ ಇತ್ತು ಅನ್ನೋದು. ಅಂದರೆ ನೀವೊಬ್ಬರೇ ಚೆನ್ನಾಗಿ ಕಟ್ಟಿದರೆ ಅರ್ಧ ಲಾಭ. ಬೀದಿಯೇ ಚೆನ್ನಾಗಿ ಕಟ್ಟಿಕೊಂಡರೆ ಪೂರ್ತಿ ಲಾಭ. ಸೈಟುಗಳು ಅಕ್ಕಪಕ್ಕ ಇರುವ ಕಡೆ ಇದನ್ನು ಯಾವ ಇಂಜಿನಿಯರೂ ಒಬ್ಬನೇ ಬಗೆಹರಿಸಲಾರ.

ಆಮೇಲೆ ಗೋಡೆಯ ಸುತ್ತ ಐದು ಅಡಿ. ಅಲ್ಲಿ ಗಿಡ, ಮರದ ತೊಗಟೆ, ಸೌದೆ ರಾಶಿ ಏನೂ ಬೇಡ. ಮರದ ಬೇಲಿ ಗೋಡೆಗೆ ತಾಗಿರುತ್ತಲ್ಲ, ಆ ಕೊನೆಯ ಐದು ಅಡಿ ಮಾತ್ರ ಕಬ್ಬಿಣದ್ದು ಹಾಕಿಸಿ. ಅಗ್ಗದ ಕೆಲಸ. ಜನ ಮಾಡಲ್ಲ, ಯಾಕೆಂದರೆ ಚೆನ್ನಾಗಿ ಕಾಣಲ್ಲವಂತೆ!

ಗಾಳಿಊರು

ಕೊಲೊರಾಡೊದ ಲೂಯಿವಿಲ್‌ನಿಂದ. ನಮ್ಮಲ್ಲಿ ಬೆಟ್ಟವೂ ಇಲ್ಲ, ಕಾಡೂ ಇಲ್ಲ. 2021ರ ಡಿಸೆಂಬರ್ 30, ಒಣ ಹುಲ್ಲಿಗೆ ಬೆಂಕಿ ಬಿತ್ತು, ಗಂಟೆಗೆ ನೂರು ಮೈಲಿ ಗಾಳಿ, ಮಧ್ಯಾಹ್ನದಿಂದ ರಾತ್ರಿಯೊಳಗೆ ಸುತ್ತಲಿನ ಊರುಗಳೂ ಸೇರಿ 1,084 ಮನೆ ಹೋದವು. ಮರುದಿನ ಹಿಮ ಬಿತ್ತು. ಆದ್ದರಿಂದ ಬೇರೆ ಕಡೆ ಹೋಗಿ ಅನ್ನೋ ಸಲಹೆ ಕೇಳಿದಾಗ ನನಗೆ ನಗು ಬರುತ್ತೆ. ನಾವೇ ಆ "ಬೇರೆ ಕಡೆ" ಆಗಿದ್ದೆವು.

ನಮ್ಮ ಊರಲ್ಲಿ ದೊಡ್ಡ ಜಗಳ ನಡೆದದ್ದು ನಿಯಮದ ಮೇಲೆ. ಬೆಂಕಿಗೆ ಸ್ವಲ್ಪ ಮುಂಚೆಯಷ್ಟೇ ನಗರಸಭೆ ಹೊಸ ಇಂಧನ ಉಳಿತಾಯದ ಕಟ್ಟಡ ನಿಯಮ ತಂದಿತ್ತು. ಮನೆ ಕಳೆದುಕೊಂಡವರು ಹೋಗಿ ಕೂಗಾಡಿದರು: ಇನ್ಶೂರೆನ್ಸೇ ಸಾಲದು, ಇದರ ಖರ್ಚು ಯಾರು ಕೊಡ್ತಾರೆ? ಕೊನೆಗೆ ಅವರಿಗೆ ಹಳೇ ನಿಯಮದಲ್ಲೇ ಕಟ್ಟಲು ಬಿಟ್ಟರು. ಸರಿಯೋ ತಪ್ಪೋ, ಊರಲ್ಲಿ ಇವತ್ತಿಗೂ ಎರಡು ಪಕ್ಷ. ನನ್ನ ಪ್ರಕಾರ ನಿಯಮ ಬಿಗಿ ಮಾಡಿ, ಜೊತೆಗೆ ಆ ಖರ್ಚಿನ ವ್ಯತ್ಯಾಸವನ್ನೂ ಕೊಡಿ. ಒಂದು ಮಾಡಿ ಇನ್ನೊಂದು ಬಿಟ್ಟರೆ ಜನ ನಿಮ್ಮ ಮೇಲೆ ಬೀಳುತ್ತಾರೆ.

ನಮ್ಮ ಮನೆ ಸುಡಲಿಲ್ಲ. "ಪುಣ್ಯವಂತರು" ಅಂದರು. ಒಳಗೆ ಹೋದರೆ ಕಿಟಕಿಯ ಸಂದಿನಲ್ಲಿ ಬೂದಿ, ಕಪಾಟಿನೊಳಗೆ ಬೂದಿ, ಸೋಫಾ ತಟ್ಟಿದರೆ ಬೂದಿ. ವಾಸನೆ ವಾರಗಟ್ಟಲೆ. ಮಕ್ಕಳಿಗೆ ಗಂಟಲು ಕೆರೆತ, ನನಗೆ ತಲೆನೋವು. ಇಲ್ಲಿನ ವಿಶ್ವವಿದ್ಯಾಲಯದವರು ಉಳಿದ ಮನೆಗಳಲ್ಲಿ ಗಾಳಿ ಪರೀಕ್ಷೆ ಮಾಡಿದಾಗ ವಿಷದ ಆವಿಗಳು ಸಿಕ್ಕವು. ಸುಟ್ಟದ್ದು ಮರ ಮಾತ್ರ ಅಲ್ಲವಲ್ಲ. ಕಾರು, ಟಿವಿ, ಕಾರ್ಪೆಟ್, ಬ್ಯಾಟರಿ ಎಲ್ಲದರ ಹೊಗೆ. ನಿಮ್ಮ ಕಡೆ ಮನೆ ನಿಂತಿರುವವರ ಕಥೆಯೂ ಇದೇ ಇರಬೇಕು. ಬೇರೆ ಕಂಪನಿಗಳು ವಿಮೆ ಕೊಡದವರಿಗೆ ಕೊನೆಯ ಆಸರೆಯಾದ ಕ್ಯಾಲಿಫೋರ್ನಿಯಾದ ಫೇರ್ ಪ್ಲಾನ್ ವಿಮೆ, ಹೊಗೆಯ ಹಾನಿಗೆ ಹಣ ಕೊಡಲು ಹಾಕಿದ ಷರತ್ತು ಕಾನೂನಿಗೆ ವಿರುದ್ಧ ಅಂತ 2025ರ ಜೂನ್‌ನಲ್ಲಿ ಕೋರ್ಟ್ ಹೇಳಿದೆ. ಮನೆ ನಿಂತಿರುವವರು ಅದನ್ನು ಹುಡುಕಿ ಓದಿಕೊಳ್ಳಿ.

ಬಾಡಿಗೆಮನೆ

ಎಲ್ಲರದ್ದೂ ಓದಿದೆ. ಸೈಟು, ಪಾಯ, ಸಾಲ, ಪರ್ಮಿಟ್. ನಮ್ಮಂಥವರ ಹೆಸರೇ ಎಲ್ಲೂ ಬರಲಿಲ್ಲ.

ನಾನು ಆಲ್ಟಡೀನಾದಲ್ಲಿ ಬಾಡಿಗೆಗಿದ್ದವಳು. ನಮ್ಮ ಹಿಂದುಗಡೆಯ ಔಟ್‌ಹೌಸ್ ಮುಂದಿನ ದೊಡ್ಡ ಮನೆಯ ಜೊತೆಗೇ ಹೋಯಿತು. ಮಾಲೀಕರು ಒಳ್ಳೆಯವರು, ಆದರೆ ಅವರು ಮತ್ತೆ ಕಟ್ಟಿದರೆ ಹಳೇ ಬಾಡಿಗೆಗೆ ಕೊಡ್ತಾರಾ? ಕೊಡೋಕೆ ಆಗುತ್ತಾ? ಆ ವಾರವೇ ಸುತ್ತಮುತ್ತ ಬಾಡಿಗೆ ಏರಿತು. ತುರ್ತು ಪರಿಸ್ಥಿತಿಯಲ್ಲಿ ಶೇ. 10ಕ್ಕಿಂತ ಜಾಸ್ತಿ ಏರಿಸಬಾರದು ಅಂತ ರಾಜ್ಯದಲ್ಲಿ ಕಾನೂನಿದೆ. ಜಾಹೀರಾತು ನೋಡಿದರೆ ಆ ಕಾನೂನು ಯಾರಿಗೂ ಗೊತ್ತಿಲ್ಲ ಅನ್ನಿಸುತ್ತಿತ್ತು. ಮನೆಯ ಮಾಲೀಕರಿಗೆ ಇನ್ಶೂರೆನ್ಸ್ ಕಡೆಯಿಂದ ವರ್ಷಗಟ್ಟಲೆ ಬಾಡಿಗೆ ಹಣ ಬರುತ್ತೆ. ಬಾಡಿಗೆದಾರರಿಗೆ ಪ್ರತ್ಯೇಕ ಇನ್ಶೂರೆನ್ಸ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನದು ಇರಲಿಲ್ಲ.

ಇನ್ನೊಂದು. ಆ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರು? ಹುಲ್ಲು ಕತ್ತರಿಸುವವರು, ಮನೆ ಒರೆಸುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು. ಒಂದೇ ರಾತ್ರಿಗೆ ಕೆಲಸದ ಮನೆಗಳೇ ಇಲ್ಲ. ಆದರೂ ಪಸಾಡೀನಾದ ಕೂಲಿ ಕಾರ್ಮಿಕರ ಕೇಂದ್ರದಿಂದ ಜನ ಪೊರಕೆ, ಗರಗಸ ಹಿಡಿದು ಬಂದು ರಸ್ತೆಗೆ ಬಿದ್ದ ಕೊಂಬೆ ಎಲ್ಲ ತೆಗೆದರು. ಇನ್ನೂ ಹೊಗೆ ಏಳುತ್ತಿತ್ತು. ಅದೇ ವರ್ಷ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಲಸಿಗರನ್ನು ಹಿಡಿಯಲು ಸರ್ಕಾರಿ ಅಧಿಕಾರಿಗಳ ದಾಳಿ ಶುರುವಾಯಿತು, ಕೆಲಸಕ್ಕೆ ಬರಲೂ ಜನ ಹೆದರಿದರು. ಮನೆ ಕಟ್ಟೋದು ಯಾರು ಅಂತ ಯಾರಾದರೂ ಯೋಚನೆ ಮಾಡಿದ್ದಾರಾ?

ಸಿಟ್ಟು ನಿಮ್ಮ ಮೇಲಲ್ಲ, ಲೇಕ್‌ಪಶ್ಚಿಮ ಅಕ್ಕ. ಸುಮ್ನೆ ಹೇಳಿದೆ.

ಲೇಕ್‌ಪಶ್ಚಿಮ

ಸುಮ್ನೆ ಅಲ್ಲಮ್ಮ, ಸರಿಯಾಗಿಯೇ ಹೇಳಿದ್ದೀಯ. ನಮ್ಮ ಬೀದಿಯಲ್ಲೂ ಹಿಂದುಗಡೆ ಮನೆಗಳಲ್ಲಿ ಬಾಡಿಗೆಗಿದ್ದವರು ಎಲ್ಲಿ ಹೋದರು ಅಂತ ಗೊತ್ತಿಲ್ಲ. ಸಭೆಗೆ ಕರೆಯುವ ಪಟ್ಟಿಯಲ್ಲಿ ಮಾಲೀಕರ ಹೆಸರಷ್ಟೇ ಇದೆ.

ಕಡ್ಡಿಮುರಿದಂಗೆ ಅವರಿಗೆ: ನಮ್ಮ ಅಕ್ಕಪಕ್ಕದವರು ಬಹಳ ಜನ ಕಪ್ಪು ಸಮುದಾಯದವರು. ಅವರ ಅಜ್ಜ ಅಜ್ಜಿ ಬೇರೆ ಬಡಾವಣೆಗಳಲ್ಲಿ ಮನೆ ಕೊಳ್ಳೋಕೆ ಹೋದರೆ ಕೊಡುತ್ತಿರಲಿಲ್ಲ, ಬ್ಯಾಂಕ್ ಸಾಲವೂ ಸಿಗುತ್ತಿರಲಿಲ್ಲ. ಇಲ್ಲಿ ಸಿಕ್ಕಿತು, ಕೊಂಡರು, ಸಾಲ ತೀರಿಸಿದರು. ಕುಟುಂಬದ ಆಸ್ತಿ ಅಂದರೆ ಆ ಒಂದು ಮನೆ. ಸಾಲ ತೀರಿದ ಮೇಲೆ ಇನ್ಶೂರೆನ್ಸ್ ಕಡ್ಡಾಯ ಇರಲ್ಲ, ಕಂತು ಏರಿದಾಗ ಎಷ್ಟೋ ಜನ ಕಡಿಮೆ ಮಾಡಿಕೊಂಡಿದ್ದರು. ಅವರಿಗೆ ಹೋಗಿ ಮಾರಿಬಿಡಿ ಅನ್ನೋದು ಸುಲಭ. ಮಾರಿದ ದುಡ್ಡಲ್ಲಿ ಈ ಕೌಂಟಿಯಲ್ಲಿ, ಅಂದರೆ ಈ ಜಿಲ್ಲೆಯಲ್ಲಿ, ಇನ್ನೊಂದು ಮನೆ ಬರಲ್ಲ.

ಸತ್ತವರ ವಿಷಯ ಬರೆಯದೆ ಇರಲಾರೆ. ಲೇಕ್ ಅವೆನ್ಯೂದ ಪೂರ್ವಕ್ಕೆ ಊರು ಬಿಡಿ ಅನ್ನೋ ಆದೇಶ ಸಂಜೆ ಏಳೂವರೆ ಹೊತ್ತಿಗೆ ಬಂತು. ಪಶ್ಚಿಮಕ್ಕೆ ಬೆಳಗಿನ ಜಾವ ಮೂರೂವರೆ ಹತ್ತಿರ. ಈಟನ್ ಬೆಂಕಿಯಲ್ಲಿ ಸತ್ತ 19 ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಶ್ಚಿಮದವರು, ಬಹಳಷ್ಟು ಮಂದಿ ವಯಸ್ಸಾದವರು. ನಾವು ಆದೇಶ ಕಾಯಲಿಲ್ಲ, ಅತ್ತೆಗೆ ಉಸಿರು ಕಟ್ಟಿತು ಅಂತ ಹೊರಟೆವು. ಇದಕ್ಕೆ ಸರಿಯಾದ ಉತ್ತರ ಸಿಗದೆ ಊರು ಮತ್ತೆ ಊರಾಗಲ್ಲ ಅಂತ ನನಗನ್ನಿಸುತ್ತೆ. ಆಲ್ಟಡೀನಾಗೆ ತನ್ನದೇ ನಗರಸಭೆ ಇಲ್ಲ, ಮೇಯರ್ ಇಲ್ಲ, ಎಲ್ಲ ಕೌಂಟಿ ಕೈಯಲ್ಲಿ. ಬಾಗಿಲು ತಟ್ಟಬೇಕಂದರೆ ಯಾವ ಬಾಗಿಲು ಅಂತಲೇ ತಿಳಿಯಲ್ಲ.

ದ್ವೀಪವಾಸಿ

ಹವಾಯಿಯ ಮಾವಿ ದ್ವೀಪದಿಂದ ಬರೆಯುತ್ತಿದ್ದೇನೆ. 2023ರ ಆಗಸ್ಟ್ 8ರಂದು ಲಹೈನಾದಲ್ಲಿ 102 ಜನ ಸತ್ತರು, 2,200ಕ್ಕೂ ಹೆಚ್ಚು ಕಟ್ಟಡ ಹೋದವು. ಊರು ಪ್ರವಾಸಿಗರಿಗೆ ಗೊತ್ತಿದ್ದದ್ದು ಸಮುದ್ರದ ದಂಡೆಯ ಅಂಗಡಿ ಬೀದಿಯಿಂದ. ಅಲ್ಲಿ ಬದುಕುತ್ತಿದ್ದವರು ಹವಾಯಿಯ ಮೂಲನಿವಾಸಿಗಳು, ಫಿಲಿಪೀನ್ಸ್ ಮೂಲದವರು, ಹೋಟೆಲ್ ಕೆಲಸದವರು, ಒಂದು ಮನೆಯಲ್ಲಿ ಮೂರು ತಲೆಮಾರು.

ಬೂದಿ ಆರುವ ಮುಂಚೆಯೇ ಜಮೀನು ಕೇಳಿಕೊಂಡು ಫೋನ್ ಬರತೊಡಗಿದವು. ಲಹೈನಾ ಮಾರಾಟಕ್ಕಿಲ್ಲ ಅಂತ ಜನ ಬೋರ್ಡ್ ಹಾಕಿದರು. ರಾಜ್ಯಪಾಲರು ತುರ್ತು ಆದೇಶದಲ್ಲಿ ಆ ಪ್ರದೇಶದಲ್ಲಿ ಕೇಳದೆ ಹೋಗಿ ಜಮೀನಿಗೆ ಬೆಲೆ ಹೇಳೋದನ್ನು ನಿಷೇಧಿಸಿದರು. ನಿಮ್ಮ ರಾಜ್ಯದಲ್ಲೂ 2025ರ ಜನವರಿಯಲ್ಲಿ ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಹಾಗೆ ಕೇಳಬಾರದು ಅಂತ ಆದೇಶ ಬಂದಿತ್ತು. ಆದರೆ ಇಂಥ ಆದೇಶ ಕೆಲವು ತಿಂಗಳ ಮಾತು. ಕೊಳ್ಳುವವರು ಕಾಯುತ್ತಾರೆ. ನಿಮ್ಮ ಬಾಡಿಗೆ ಹಣ ಯಾವಾಗ ಮುಗಿಯುತ್ತೆ ಅಂತ ಅವರಿಗೂ ಅಂದಾಜಿರುತ್ತೆ.

ಅದಕ್ಕೇ ಇಲ್ಲಿ ಕೆಲವರು ಸಮುದಾಯ ಭೂ ಟ್ರಸ್ಟ್ ಮಾಡಿದರು. ಮಾರಲೇಬೇಕಾದ ಸ್ಥಿತಿಗೆ ಬಂದವರ ಸೈಟನ್ನು ಟ್ರಸ್ಟ್ ಕೊಳ್ಳುತ್ತದೆ, ಅದು ಹೊರಗಿನವರ ಕೈಗೆ ಹೋಗದೆ ಊರಿನವರಿಗೇ ಉಳಿಯುವ ಹಾಗೆ ನೋಡಿಕೊಳ್ಳುತ್ತದೆ. ದೊಡ್ಡ ಪ್ರಮಾಣದಲ್ಲಿ ಅಲ್ಲ, ಹಣ ಸಾಲದು. ಆದರೂ ಮಾರೋದು ಅಥವಾ ಮುಳುಗೋದು ಅನ್ನೋ ಎರಡೇ ದಾರಿ ಇದ್ದ ಕಡೆ ಮೂರನೆಯದು ಹುಟ್ಟಿತು. ಬಾಡಿಗೆಮನೆ ಅವರು ಹೇಳಿದ್ದಕ್ಕೂ ಇದೇ ಒಂದು ದಾರಿ ಇರಬಹುದು. ಮಾಲೀಕರ ಮನೆ ಎದ್ದರೆ ಬಾಡಿಗೆಯವರು ತಾವಾಗಿಯೇ ವಾಪಸ್ ಬರ್ತಾರೆ ಅಂತ ನಂಬಿ ಕೂತ ಊರು ಯಾವುದೂ ಅವರನ್ನು ವಾಪಸ್ ಪಡೆದದ್ದು ನಾನು ಕಂಡಿಲ್ಲ.

ಲಹೈನಾದ ಚೌಕದಲ್ಲಿ ಒಂದು ದೊಡ್ಡ ಆಲದ ಮರ ಇದೆ. 1873ರಲ್ಲಿ ಭಾರತದಿಂದ ತಂದು ನೆಟ್ಟದ್ದು. ಬೆಂಕಿಯಲ್ಲಿ ಬೆಂದಿತ್ತು, ಬುಡಕ್ಕೆ ನೀರು ಗೊಬ್ಬರ ಹಾಕಿ ಮರದ ತಜ್ಞರು ನೋಡಿಕೊಂಡರು, ಚಿಗುರಿತು. ಟಿವಿಯವರೆಲ್ಲ ಅದನ್ನೇ ತೋರಿಸಿದರು. ಇಲ್ಲಿನವರಿಗೆ ಸ್ವಲ್ಪ ಸಿಟ್ಟೇ ಬಂತು, ಮರಕ್ಕೆ ಸಿಕ್ಕ ಆರೈಕೆ ಮನುಷ್ಯರಿಗೆ ಸಿಗಲಿಲ್ಲವಲ್ಲ ಅಂತ.

ಕಡ್ಡಿಮುರಿದಂಗೆ

ನಿಮ್ಮ ಅಕ್ಕಪಕ್ಕದವರ ಕಥೆ ಓದಿದ ಮೇಲೆ "ಮಾರಿಬಿಡಿ" ಅನ್ನೋ ಮಾತಿನ ಧಾಟಿ ಬದಲಾಯಿಸುತ್ತೇನೆ, ಪ್ರಶ್ನೆ ಬಿಡಲ್ಲ. ದುಡ್ಡು ಎಲ್ಲಿಂದ? ವಿದ್ಯುತ್ ಕಂಪನಿಯ ಪರಿಹಾರ ಬರುತ್ತೆ ಅಂತ ಕಾಯೋದಾ? ಅಮೆರಿಕ ಸರ್ಕಾರವೇ 2025ರ ಸೆಪ್ಟೆಂಬರ್‌ನಲ್ಲಿ ಈಟನ್ ಬೆಂಕಿಯ ಬಗ್ಗೆ ಇಲ್ಲಿನ ವಿದ್ಯುತ್ ಕಂಪನಿ ಎಡಿಸನ್ ಮೇಲೆ ದಾವೆ ಹಾಕಿದೆ. ಪ್ಯಾರಡೈಸ್‌ನಲ್ಲಿ ಏನಾಯಿತು ಗೊತ್ತಲ್ವಾ? ಅಲ್ಲಿನ ವಿದ್ಯುತ್ ಕಂಪನಿ ಪಿಜಿ ಅಂಡ್ ಇ, ಸತ್ತ 85 ಜನರಲ್ಲಿ 84 ಜನರ ಸಾವಿಗೆ ತಪ್ಪೊಪ್ಪಿಕೊಂಡಿತು. ಪರಿಹಾರ 13.5 ಬಿಲಿಯನ್ ಡಾಲರ್ ಅಂತ ಪೇಪರಿನಲ್ಲಿ ಬಂತು. ಅದರಲ್ಲಿ ಅರ್ಧ ಅದೇ ಕಂಪನಿಯ ಷೇರು! ಷೇರು ಬೆಲೆ ನೋಡಿಕೊಂಡು ಮನೆ ಸುಟ್ಟವರು ವರ್ಷಗಟ್ಟಲೆ ಕೂತರು. ಊರಲ್ಲಿ 26,000 ಜನ ಇದ್ದದ್ದು 2020ರ ಗಣತಿಯಲ್ಲಿ 4,764ಕ್ಕೆ ಇಳಿದಿತ್ತು.

ಕಂಬಿಸಿಮೆಂಟ್

ಪರಿಹಾರವನ್ನು ಲೆಕ್ಕಕ್ಕೇ ಹಿಡಿಯಬೇಡಿ. ಬಂದರೆ ಬಂತು. ಎಡಿಸನ್ ತಾನಾಗಿಯೇ ಒಂದು ಪರಿಹಾರ ಯೋಜನೆ ತೆರೆದಿದೆ, ಆದರೆ ಆ ಹಣ ತೆಗೆದುಕೊಂಡರೆ ದಾವೆ ಹಾಕುವ ಹಕ್ಕು ಹೋಗುತ್ತೆ. ಸಹಿ ಹಾಕುವ ಮುಂಚೆ ವಕೀಲರ ಹತ್ತಿರ ಕೂತು ಓದಿ.

ಲೇಕ್‌ಪಶ್ಚಿಮ ಅವರೇ, ನಿಮ್ಮ ಪಾಲಿಸಿಯಲ್ಲಿ ಮನೆಯ ಮೊತ್ತವನ್ನು ಮಾತ್ರ ನೋಡಿ ನಿಲ್ಲಿಸಬೇಡಿ. ಆ ಮೊತ್ತದ ಮೇಲೆ ಇಂತಿಷ್ಟು ಶೇಕಡಾ ಹೆಚ್ಚುವರಿ ಅಂತ ಇದೆಯಾ? ಹೊಸ ಕಟ್ಟಡ ನಿಯಮಕ್ಕೆ ಬೇರೆ ಹಣ ಇದೆಯಾ? ಕಾಂಪೌಂಡು, ಗ್ಯಾರೇಜು, ಗಿಡಮರಕ್ಕೆ ಬೇರೆ ಇದೆಯಾ? ಅಡ್ಜಸ್ಟರ್, ಅಂದರೆ ಇನ್ಶೂರೆನ್ಸ್ ಕಡೆಯಿಂದ ನಷ್ಟದ ಲೆಕ್ಕ ಹಾಕುವವರು, ಮೊದಲ ಸಲ ಇವನ್ನೆಲ್ಲ ತಾವಾಗಿ ಹೇಳೋದು ಅಪರೂಪ. ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಅಡ್ಜಸ್ಟರ್ ಬದಲಾಗುತ್ತಲೇ ಇರುತ್ತಾರೆ, ಬಾಯಿಮಾತು ಹೊಸಬರಿಗೆ ಗೊತ್ತಿರಲ್ಲ.

ಬಾಡಿಗೆ ಹಣದ ಅವಧಿ: ಪಾಲಿಸಿಯಲ್ಲಿ ಏನೇ ಇರಲಿ, ಘೋಷಿತ ತುರ್ತು ಪರಿಸ್ಥಿತಿಯಲ್ಲಿ ಪೂರ್ತಿ ಮನೆ ಹೋದರೆ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಕನಿಷ್ಠ 24 ತಿಂಗಳು. ನಿಮ್ಮ ಕೈಮೀರಿದ ಕಾರಣಕ್ಕೆ ತಡವಾದರೆ 36ರವರೆಗೆ. ಮೊತ್ತದ ಮಿತಿ ಮಾತ್ರ ಏರಲ್ಲ, ಆದ್ದರಿಂದ ಮೊದಲ ವರ್ಷ ದುಬಾರಿ ಬಾಡಿಗೆ ಮನೆ ಹಿಡಿದವರಿಗೆ ಕೊನೆಯಲ್ಲಿ ಕಷ್ಟ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅದೇ ಜಾಗದಲ್ಲೇ ಕಟ್ಟಬೇಕು ಅಂತಿಲ್ಲ. ಬೇರೆ ಕಡೆ ಮನೆ ಕೊಂಡರೂ ಈ ರಾಜ್ಯದಲ್ಲಿ ಬದಲಿ ಮನೆಯ ಹಣ ಸಿಗುತ್ತೆ. ಅತ್ತೆಯವರ ವಯಸ್ಸು ನೋಡಿದರೆ ಈ ಲೆಕ್ಕವನ್ನೂ ಒಮ್ಮೆ ಹಾಕಿ. ಸೈಟು ಇಟ್ಟುಕೊಂಡೇ ಚಿಕ್ಕ ಮನೆ ಕೊಳ್ಳಬಹುದಾ ಅಂತ.

ಪರ್ಮಿಟ್ ವಿಷಯದಲ್ಲಿ, ಹಳೇ ಮನೆಯ ಅಳತೆಗಿಂತ ಶೇ. 10ರೊಳಗೆ ಹೆಚ್ಚು ಇದ್ದರೆ ಪರಿಸರ ಪರಿಶೀಲನೆಯಿಂದ ವಿನಾಯಿತಿ ಇದೆ. ದೊಡ್ಡದು ಮಾಡಬೇಕು ಅಂತ ಆಸೆ ಬಿದ್ದವರ ಫೈಲುಗಳೇ ನನ್ನ ಟೇಬಲ್ ಮೇಲೆ ಜಾಸ್ತಿ ದಿನ ಕೂತಿರೋದು.

ಸೊನೋಮಾ ಸೊಸೆ

ಸಾಮಾನಿನ ಪಟ್ಟಿ ಬಗ್ಗೆ ಯಾರೂ ಬರೆದಿಲ್ಲ. ಮನೆಯಲ್ಲಿದ್ದ ಪ್ರತಿ ಚಮಚ, ಪ್ರತಿ ಅಂಗಿ, ಕೊಂಡ ವರ್ಷ, ಬೆಲೆ ಬರೆದು ಕೊಡಿ ಅಂದರು ನಮಗೆ. ಮಲಗುವ ಮನೆಯ ಬೀರು ಬರೆಯುವಾಗ ನಾನು ಅಳುತ್ತಾ ಕೂತಿದ್ದೆ, ಗಂಡ ಟೈಪ್ ಮಾಡುತ್ತಿದ್ದರು. ಒಂದು ಉಪಾಯ: ವಸ್ತು ನೆನಪಿಸಿಕೊಳ್ಳಬೇಡಿ, ಜಾಗ ನೆನಪಿಸಿಕೊಳ್ಳಿ. ಒಲೆಯ ಎಡಕ್ಕಿನ ಮೊದಲ ಡ್ರಾಯರ್ ಎಳೆಯಿರಿ, ಏನಿದೆ? ಅದರ ಕೆಳಗಿನದ್ದು? ಮಕ್ಕಳನ್ನು ಕೇಳಿ, ಅವರಿಗೆ ನಮಗಿಂತ ಚೆನ್ನಾಗಿ ನೆನಪಿರುತ್ತೆ. ಹಬ್ಬದ ಫೋಟೋಗಳ ಹಿನ್ನೆಲೆ ನೋಡಿ. ಈಗ ರಾಜ್ಯದಲ್ಲಿ ಹೊಸ ಕಾನೂನು ಬಂದಿದೆ, ಪಟ್ಟಿ ಕೇಳದೆಯೇ ಸಾಮಾನಿನ ವಿಮೆಯ ಶೇ. 60 ಕೊಡಬೇಕು ಅಂತ, 3,50,000 ಡಾಲರ್ ಮಿತಿಯೊಳಗೆ. 2025ರಲ್ಲಿ ಸಹಿಯಾಯಿತು. ನಿಮ್ಮ ಕ್ಲೇಮಿಗೆ ಅನ್ವಯಿಸುತ್ತಾ ಅಂತ ರಾಜ್ಯದ ವಿಮಾ ಇಲಾಖೆಗೆ ಫೋನ್ ಮಾಡಿ ಕೇಳಿ. ಯುನೈಟೆಡ್ ಪಾಲಿಸಿಹೋಲ್ಡರ್ಸ್ ಅನ್ನೋ ಸಂಸ್ಥೆಯನ್ನೂ ಕೇಳಬಹುದು, ಓಕ್‌ಲೆಂಡ್ ಬೆಂಕಿಯ ವರ್ಷವೇ ಶುರುವಾದದ್ದು, ಉಚಿತ ಸಲಹೆ ಕೊಡುತ್ತಾರೆ.

ಮಣ್ಣು ಪರೀಕ್ಷೆ ಮಾಡಿಸಿದಿರಾ? ನಮ್ಮ ಕಾಲದ ಬೆಂಕಿಗಳಲ್ಲಿ ಅವಶೇಷ ತೆಗೆದ ಮೇಲೆ ಮಣ್ಣು ಪರೀಕ್ಷೆ ಮಾಡಿ, ವಿಷ ಜಾಸ್ತಿ ಇದ್ದರೆ ಇನ್ನಷ್ಟು ಅಗೆದು ಮತ್ತೆ ಪರೀಕ್ಷೆ ಮಾಡುತ್ತಿದ್ದರು. ನಿಮ್ಮಲ್ಲಿ ಆರು ಇಂಚು ತೆಗೆದು, ಆಯಿತು ಅಂದುಬಿಟ್ಟರು. ಪತ್ರಿಕೆಯವರು ತಾವೇ ಪರೀಕ್ಷೆ ಮಾಡಿಸಿದಾಗ ತೆರವಾದ ಕೆಲವು ಸೈಟುಗಳಲ್ಲೂ ಸೀಸ, ಆರ್ಸೆನಿಕ್ ಸಿಕ್ಕಿತ್ತು.

ಲೇಕ್‌ಪಶ್ಚಿಮ

ಮಣ್ಣು ಪರೀಕ್ಷೆ ಆಗಿಲ್ಲ. ಅದೇ ಮೊದಲ ಕೆಲಸ ಅಂತ ಇವತ್ತು ಊಟದ ಹೊತ್ತಿಗೆ ತೀರ್ಮಾನವಾಯಿತು.

ಉಳಿದದ್ದು ಹೀಗೆ. ಈ ವರ್ಷ ಮಾರಲ್ಲ. ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರನ್ನು ಭಾನುವಾರ ಕರೆಯುತ್ತಿದ್ದೇನೆ. ಒಬ್ಬರೇ ಕಾಂಟ್ರಾಕ್ಟರ್, ಒಂದೇ ಥರದ ಚಾವಣಿ ಮತ್ತು ಕಿಂಡಿ, ಒಟ್ಟಿಗೆ ಪಾಯ ಆಗುತ್ತಾ ಅಂತ ಕೇಳಲು. ಹಿಂದುಗಡೆ ಚಿಕ್ಕ ಮನೆಯನ್ನು ಮೊದಲು ಎಬ್ಬಿಸಿ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಬರೋಣ ಅಂತ ನಮ್ಮವರು ಹೇಳಿದರು. ಅತ್ತೆ, "ಅಡುಗೆಮನೆ ಪೂರ್ವಕ್ಕಿರಲಿ" ಅಂದರು, ಅಷ್ಟೇ. ಬಾಡಿಗೆಮನೆ, ನಿನ್ನ ಔಟ್‌ಹೌಸ್ ಯಾವ ಬೀದಿಯಲ್ಲಿತ್ತು? ನನಗೆ ಪ್ರತ್ಯೇಕವಾಗಿ ಬರಿ. ಸಭೆಯ ಪಟ್ಟಿಗೆ ಬಾಡಿಗೆದಾರರನ್ನೂ ಸೇರಿಸೋಣ ಅಂತಿದ್ದೇನೆ.

ಮಣ್ಣು ತೆಗೆಯೋದು ಹೇಗೆ ಅಂತ ಯಾರಾದರೂ ಹೇಳ್ತೀರಾ? ಒಂದು ಕಡೆಯಿಂದ ಸಾಕಾ?

ಗಾಳಿಊರು

ಒಂದು ಕಡೆಯಿಂದ ಸಾಲದು. ಸೈಟನ್ನು ಮೂರು ನಾಲ್ಕು ಭಾಗ ಮಾಡಿಕೊಳ್ಳಿ: ಮನೆ ಇದ್ದ ಜಾಗ, ಮುಂದೆ, ಹಿಂದೆ, ತರಕಾರಿ ಬೆಳೆಯುವ ಜಾಗ. ಪ್ರತಿ ಭಾಗದಲ್ಲೂ ಐದಾರು ಕಡೆಯಿಂದ ಮೇಲ್ಮಣ್ಣು ತೆಗೆದು ಶುಚಿಯಾದ ಬಕೆಟ್‌ನಲ್ಲಿ ಕಲೆಸಿ, ಅದರಿಂದ ಒಂದು ಚೀಲ. ಭಾಗಗಳನ್ನು ಒಂದಕ್ಕೊಂದು ಬೆರೆಸಬೇಡಿ. ಕೈಗವಸು, ಮಾಸ್ಕ್ ಮರೆಯಬೇಡಿ, ಚಪ್ಪಲಿಯನ್ನು ಕಾರಿನೊಳಗೆ ಹಾಕಬೇಡಿ. ಮಣ್ಣಲ್ಲಿ ಸೀಸ ಎಷ್ಟಿದ್ದರೆ ಎಚ್ಚರ ಅನ್ನೋದಕ್ಕೆ ನಿಮ್ಮ ರಾಜ್ಯದಲ್ಲಿ ವಾಸದ ಜಾಗಕ್ಕೆ ಕಿಲೋಗೆ 80 ಮಿಲಿಗ್ರಾಂ ಅಂತ ಮಟ್ಟ ಇಟ್ಟಿದ್ದಾರೆ. ಕೌಂಟಿ ಆರೋಗ್ಯ ಇಲಾಖೆ ಸೀಸದ ಪರೀಕ್ಷೆ ಉಚಿತವಾಗಿ ಮಾಡುತ್ತಿತ್ತು, ಈಗಲೂ ಇದೆಯಾ ಅಂತ ಮೊದಲು ಕೇಳಿ. ಖಾಸಗಿ ಲ್ಯಾಬ್ ಆದರೆ ಸೀಸದ ಜೊತೆ ಆರ್ಸೆನಿಕ್ ಕೂಡ ಸೇರಿಸಲು ಹೇಳಿ.

ಬಾಡಿಗೆಮನೆ

ಅಕ್ಕ, ಮೆಸೇಜ್ ಕಳಿಸಿದ್ದೇನೆ. ಭಾನುವಾರ ಎಷ್ಟು ಹೊತ್ತಿಗೆ?